ಬೆಲಿಯಾಘಾಟದ ಮನೆ, ಇಬ್ಬರು ಬೀಗರು, ಒಬ್ಬ ಮೊಮ್ಮಗ

(ಕೋಲ್ಕತ್ತದ ಕನ್ನಡಿಗರ ಸಭೆಯಲ್ಲಿ ಮಾಡಿದ ದತ್ತಿ ಉಪನ್ಯಾಸದ ಮುದ್ರಿತ ರೂಪ)



ಈ ದತ್ತಿ ಇಟ್ಟ ದಂಪತಿಗಳು ಈಗ ನಮ್ಮೊಂದಿಗಿಲ್ಲ. ಹಣ ಕೊಡುವಾಗ ಅವರು ಒಂದೇ ಒಂದು ಷರತ್ತು ಹಾಕಿದ್ದರಂತೆ: ಉಪನ್ಯಾಸದ ವಿಷಯ ಯಾವುದಾದರೂ ಆಗಲಿ, ಅದರಲ್ಲಿ ಮೊಮ್ಮಕ್ಕಳಿಗೆ ದಕ್ಕುವಂಥದ್ದು ಏನಾದರೂ ಇರಬೇಕು. ಆ ಷರತ್ತನ್ನು ಓದಿದಮೇಲೆ ಉಪನ್ಯಾಸಕ್ಕೆ ಒಲ್ಲೆ ಎನ್ನಲು ನನಗೆ ಬಾಯಿ ಬರಲಿಲ್ಲ. ನಾನು ಹೈಸ್ಕೂಲಿನಲ್ಲಿ ಇತಿಹಾಸ ಪಾಠ ಮಾಡಿ ನಿವೃತ್ತಳಾದವಳು. ಮಗಳ ಬಾಣಂತನಕ್ಕೆಂದು ಇಲ್ಲಿಗೆ ಬಂದು, ಮೊಮ್ಮಗಳನ್ನು ಶಾಲೆಗೆ ಬಿಟ್ಟು ಕರೆತರುವ ಕೆಲಸ ಹಚ್ಚಿಕೊಂಡು ಇಲ್ಲಿಯೇ ಉಳಿದವಳು.

ಮೊಮ್ಮಕ್ಕಳಿಗೆ ಏನು ಬಯಸುತ್ತೀರಿ ಎಂದು ಯಾವ ಅಜ್ಜ ಅಜ್ಜಿಯನ್ನು ಕೇಳಿದರೂ ಉತ್ತರ ಹೆಚ್ಚುಕಡಿಮೆ ಒಂದೇ. ನೆಮ್ಮದಿಯಾಗಿ ಬದುಕಲಿ, ಯಾರಿಂದಲೂ ಅನ್ಯಾಯ ಆಗದಿರಲಿ. ದೀಪ ಹಚ್ಚುವಾಗ ನಾನು ಕೇಳಿಕೊಳ್ಳುವುದೂ ಅಷ್ಟೇ. ಆದರೆ ಹಾಗೆ ಕೇಳಿಕೊಂಡು ಎದ್ದಮೇಲೆ ಹಿರಿಯರಾದ ನಾವು ಮಾಡಬೇಕಾದ ಕೆಲಸ ಏನಾದರೂ ಉಳಿದಿರುತ್ತದೆಯೆ? ಉಳಿದಿರುತ್ತದೆ ಎಂಬುದು ನನ್ನ ದೃಢವಾದ ನಂಬಿಕೆ. ಅದನ್ನು ಹೇಳಲು ಇದೇ ಊರಿನ ಒಂದು ಸಂಗತಿಯನ್ನು ಎತ್ತಿಕೊಂಡಿದ್ದೇನೆ.

ಇದರಲ್ಲಿ ಇಬ್ಬರು ಅಜ್ಜಂದಿರಿದ್ದಾರೆ. ತಂದೆಯ ತಂದೆ ಮೋಹನದಾಸ ಕರಮಚಂದ ಗಾಂಧಿ. ತಾಯಿಯ ತಂದೆ ಚಕ್ರವರ್ತಿ ರಾಜಗೋಪಾಲಾಚಾರಿ, ಅಂದರೆ ರಾಜಾಜಿ. ಮೊಮ್ಮಗ ಗೋಪಾಲಕೃಷ್ಣ, 1945ರ ಏಪ್ರಿಲ್ 22ರಂದು ಹುಟ್ಟಿದವರು. ದೇಶಕ್ಕೆ ಸ್ವಾತಂತ್ರ್ಯ ಬಂದ ದಿನ ಆ ಮಗುವಿಗೆ ಎರಡು ವರ್ಷ ತುಂಬಿ ನಾಲ್ಕು ತಿಂಗಳಾಗುತ್ತ ಬಂದಿತ್ತು. ಅಜ್ಜಂದಿರಿಬ್ಬರೂ ಕಲ್ಕತ್ತೆಯಲ್ಲಿದ್ದರು.

ರಾಜಾಜಿ ನಮಗೆ ದೂರದವರಲ್ಲ. ನಾನು ಬೆಳೆದದ್ದು ಹೊಸೂರಿನ ಸೀಮೆಯಲ್ಲಿ. ಅವರು ಹುಟ್ಟಿದ ತೊರಪಳ್ಳಿ ಅಲ್ಲೇ ಹತ್ತಿರ. ಕನ್ನಡ, ತಮಿಳು, ತೆಲುಗು ಮೂರೂ ಒಂದೇ ಸಂತೆಯಲ್ಲಿ ಕಿವಿಗೆ ಬೀಳುವ ನೆಲ ಅದು. ಹೊಸೂರಿನಲ್ಲಿ ಓದಿ, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪದವಿ ಪಡೆದು, ಸೇಲಂನಲ್ಲಿ ವಕೀಲಿ ಮಾಡಿದವರು ಅವರು. ಅವರ ಮಗಳು ಲಕ್ಷ್ಮಿ ಮತ್ತು ಗಾಂಧಿಯವರ ಕಿರಿಯ ಮಗ ದೇವದಾಸ ಒಬ್ಬರನ್ನೊಬ್ಬರು ಮೆಚ್ಚಿಕೊಂಡಾಗ ತಂದೆಯರಿಬ್ಬರೂ ಕಾಯಿರಿ ಎಂದರು. ಮಕ್ಕಳು ವರ್ಷಗಟ್ಟಲೆ ಕಾದರು. 1933ರ ಜೂನ್‌ನಲ್ಲಿ ಪುಣೆಯಲ್ಲಿ ಮದುವೆಯಾಯಿತು. ಒಂದು ಕಡೆ ಗುಜರಾತಿನ ಬನಿಯಾ ಮನೆ, ಇನ್ನೊಂದು ಕಡೆ ಅಯ್ಯಂಗಾರರ ಮನೆ. ಗೆಳೆಯರು ಹೀಗೆ ಬೀಗರಾದರು.

1947ರ ಆಗಸ್ಟ್ 15ರಂದು ಈ ಬೀಗರಲ್ಲಿ ಒಬ್ಬರು ಪಶ್ಚಿಮ ಬಂಗಾಳದ ಮೊದಲ ರಾಜ್ಯಪಾಲರಾಗಿ, ಬ್ರಿಟಿಷ್ ಗವರ್ನರ್ ಜನರಲ್ ವೆಲ್ಲೆಸ್ಲಿ ಕಟ್ಟಿಸಿದ ಭಾರಿ ಸೌಧಕ್ಕೆ ಬಂದರು. ಇನ್ನೊಬ್ಬರು ಅದಕ್ಕೆ ಎರಡು ದಿನ ಮೊದಲು ಬೆಲಿಯಾಘಾಟದ ಒಂದು ಹಾಳುಬಿದ್ದ ಮನೆಗೆ ಬಂದಿದ್ದರು. ಅದರ ಹೆಸರು ಹೈದರಿ ಮಂಜಿಲ್. ಬಂದುಹೋಗುವ ನೂರಾರು ಜನರಿಗೆಲ್ಲ ಅಲ್ಲಿ ಇದ್ದದ್ದು ಒಂದೇ ಕಕ್ಕಸು.

ಗಾಂಧಿ ಅಲ್ಲಿಗೆ ಬಂದದ್ದು ಏಕೆ ಎಂಬುದನ್ನು ಈ ಸಭೆಯಲ್ಲಿರುವ ಮಕ್ಕಳಿಗಾಗಿ ಸ್ವಲ್ಪ ಹೇಳುತ್ತೇನೆ. ಅದಕ್ಕೆ ಹಿಂದಿನ ವರ್ಷ, 1946ರ ಆಗಸ್ಟ್ 16ರಂದು, ಮುಸ್ಲಿಂ ಲೀಗ್ ನೇರ ಕಾರ್ಯಾಚರಣೆಯ ದಿನಕ್ಕೆ ಕರೆ ಕೊಟ್ಟಿತ್ತು. ಅಂದಿನಿಂದ ನಾಲ್ಕು ದಿನ ಈ ಊರಿನ ಬೀದಿಗಳಲ್ಲಿ ಹಿಂದೂಗಳು ಮುಸ್ಲಿಮರನ್ನು, ಮುಸ್ಲಿಮರು ಹಿಂದೂಗಳನ್ನು ಕೊಂದರು. ಸತ್ತವರು ಸಾವಿರಾರು. ಆಗ ಬಂಗಾಳದ ಪ್ರಧಾನಿಯಾಗಿದ್ದವರು (ಮುಖ್ಯಮಂತ್ರಿಗೆ ಅಂದು ಹಾಗೆನ್ನುತ್ತಿದ್ದರು) ಹುಸೇನ್ ಶಹೀದ್ ಸುಹ್ರಾವರ್ದಿ. ಇಲ್ಲಿಂದ ಕಿಡಿ ಪೂರ್ವ ಬಂಗಾಳದ ನೊವಾಖಾಲಿಗೆ ಹಾರಿತು, ಬಿಹಾರಕ್ಕೆ ಹಾರಿತು. ನೊವಾಖಾಲಿಯ ಹಳ್ಳಿಗಳಲ್ಲಿ ಗಾಂಧಿ ಕಾಲ್ನಡಿಗೆಯಲ್ಲಿ ತಿರುಗಿದರು. 1947ರ ಆಗಸ್ಟ್ 9ರಂದು ಮತ್ತೆ ಅಲ್ಲಿಗೇ ಹೋಗುವ ದಾರಿಯಲ್ಲಿ ಕಲ್ಕತ್ತೆಯಲ್ಲಿ ಇಳಿದರು. ಈ ಸಲ ಹೆದರಿದ್ದವರು ಇಲ್ಲಿಯ ಮುಸ್ಲಿಮರು. ನೀವು ಹೋದರೆ ನಮ್ಮ ಗತಿ ಏನು ಎಂದು ಅವರ ಮುಖಂಡರು ಕೇಳಿದರು. ಗಾಂಧಿ ಉಳಿದರು, ಉಳಿಯುವುದಕ್ಕೆ ಎರಡು ಷರತ್ತು ಹಾಕಿದರು. ನೊವಾಖಾಲಿಯ ಹಿಂದೂಗಳ ಕ್ಷೇಮಕ್ಕೆ ಇಲ್ಲಿಯ ಮುಸ್ಲಿಂ ನಾಯಕರು ಹೊಣೆಯಾಗಬೇಕು. ಸುಹ್ರಾವರ್ದಿ ತಮ್ಮ ಜೊತೆ ಒಂದೇ ಸೂರಿನ ಕೆಳಗೆ, ಪೊಲೀಸು ಕಾವಲಿಲ್ಲದೆ ಇರಬೇಕು. ಸುಹ್ರಾವರ್ದಿ ಒಪ್ಪಿದರು.

ಆಗಸ್ಟ್ 13ರಂದು ಅವರು ಮನೆಯೊಳಗೆ ಕಾಲಿಟ್ಟಾಗ ಎದುರಾದವರು ಸಿಟ್ಟಿಗೆದ್ದ ಹಿಂದೂ ಹುಡುಗರು. ಹೋದ ವರ್ಷ ನಾವು ಸಾಯುವಾಗ ಎಲ್ಲಿದ್ದಿರಿ ಎಂಬುದು ಅವರ ಪ್ರಶ್ನೆ. ಕಿಟಕಿ ಗಾಜುಗಳು ಒಡೆದವು. ಗಾಂಧಿ ಅವರನ್ನು ಒಳಗೆ ಕರೆದು ಕೂರಿಸಿ ಮಾತಾಡಿದರು, ಮರುದಿನವೂ ಮಾತಾಡಿದರು. ಕೊನೆಗೆ ಆ ಹುಡುಗರೇ ಮನೆಗೆ ಕಾವಲು ನಿಂತರು. ಹದಿನೈದನೆಯ ತಾರೀಖು ಕಲ್ಕತ್ತೆಯ ಬೀದಿಗಳಲ್ಲಿ ಹಿಂದೂಗಳು ಮುಸ್ಲಿಮರು ಒಂದೇ ಲಾರಿಯಲ್ಲಿ ನಿಂತು ಘೋಷಣೆ ಕೂಗುತ್ತ ಹೋದದ್ದನ್ನು ಕಂಡವರು ಕಣ್ಣನ್ನು ನಂಬಲಿಲ್ಲ. ಗಾಂಧಿ ಮಾತ್ರ ಆ ದಿನ ಉಪವಾಸವಿದ್ದು ನೂಲು ತೆಗೆಯುತ್ತ ಕಳೆದರು. ಪಂಜಾಬಿನಲ್ಲಿ ದೊಡ್ಡ ಸೈನ್ಯವಿದ್ದೂ ಸಾಧ್ಯವಾಗದ್ದನ್ನು ಬಂಗಾಳದಲ್ಲಿ ಒಬ್ಬ ಮನುಷ್ಯ ಮಾಡಿದ್ದಾರೆ ಎಂಬ ಅರ್ಥದಲ್ಲಿ ಮೌಂಟ್‌ಬ್ಯಾಟನ್ ಅವರಿಗೆ ಕಾಗದ ಬರೆದರು.

ಆ ಹೊಗಳಿಕೆ ಬಂದ ವಾರದೊಳಗೆ ಎಲ್ಲ ಕೈಮೀರಿತು. ಆಗಸ್ಟ್ 31ರ ರಾತ್ರಿ ಗುಂಪೊಂದು ಮನೆಗೆ ನುಗ್ಗಿತು. ಬೀಸಿದ ಲಾಠಿ, ಎಸೆದ ಇಟ್ಟಿಗೆ ಗಾಂಧಿಯವರಿಗೆ ಕೂದಲೆಳೆಯಲ್ಲಿ ತಪ್ಪಿದವು. ಮರುದಿನ ಬೆಲಿಯಾಘಾಟದಿಂದ ಬಡ ಮುಸ್ಲಿಂ ಕೂಲಿಗಳನ್ನು ತುಂಬಿಕೊಂಡು ಹೊರಟ ಲಾರಿಯ ಮೇಲೆ ಬಾಂಬು ಬಿದ್ದು ಇಬ್ಬರು ಸತ್ತರು. ಗಾಂಧಿ ಶವಗಳನ್ನು ನೋಡಲು ಹೋದರು. ಜೊತೆಗಿದ್ದ ನಿರ್ಮಲ್ ಕುಮಾರ್ ಬೋಸ್ ಮಾನವಶಾಸ್ತ್ರಜ್ಞರು, ಆ ತಿಂಗಳುಗಳಲ್ಲಿ ಗಾಂಧಿಯವರ ಕಾರ್ಯದರ್ಶಿ. ಕಂಡದ್ದನ್ನು ಕಂಡಹಾಗೆ ಬರೆದಿಡುವ ಅಭ್ಯಾಸ ಅವರದು. ಸತ್ತವನೊಬ್ಬನ ಬಟ್ಟೆಯಿಂದ ನಾಲ್ಕಾಣೆಯ ನಾಣ್ಯವೊಂದು ಉರುಳಿ ಪಕ್ಕದಲ್ಲಿ ಬಿದ್ದಿತ್ತೆಂದು ಅವರು ಬರೆದಿದ್ದಾರೆ. ಎಷ್ಟೋ ಪುಸ್ತಕಗಳಲ್ಲಿ ಎಷ್ಟೋ ಅಂಕಿಸಂಖ್ಯೆಗಳನ್ನು ಓದಿ ಮಕ್ಕಳಿಗೆ ಪಾಠ ಮಾಡಿದವಳು ನಾನು. ಆ ನಾಲ್ಕಾಣೆ ಅವೆಲ್ಲಕ್ಕಿಂತ ಹೆಚ್ಚು ನನ್ನನ್ನು ಕಾಡಿದೆ. ಅವನ ಮನೆಯಲ್ಲೂ ಆ ನಾಲ್ಕಾಣೆಯ ದಾರಿ ಕಾಯುತ್ತ ಯಾರೋ ಕೂತಿದ್ದಿರಬೇಕು.

ಅಂದು ಸಂಜೆ ಗಾಂಧಿ ಆಮರಣಾಂತ ಉಪವಾಸ ಎಂದರು. ಆಗ ಎಪ್ಪತ್ತೇಳು ವರ್ಷದ ಮುದುಕರು. ತಡೆಯಲು ರಾಜಾಜಿ ಓಡಿಬಂದರು. ಬೀಗರಿಬ್ಬರ ನಡುವೆ ರಾತ್ರಿಯವರೆಗೆ ವಾದ ನಡೆಯಿತು. ಗೂಂಡಾಗಳ ಎದುರು ಉಪವಾಸ ಮಾಡಿದರೆ ಏನು ಬಂತು ಎಂಬುದು ರಾಜಾಜಿಯವರ ತಕರಾರು. ಗೂಂಡಾಗಳ ಬೆನ್ನಿಗೆ ನಿಂತ ಮರ್ಯಾದಸ್ಥರ ಎದೆಯನ್ನು ಮುಟ್ಟಬೇಕು, ಗೂಂಡಾಗಳು ಮೇಲಿಂದ ಬೀಳುವುದಿಲ್ಲ, ನಮ್ಮ ಮೌನದ ಆಸರೆಯಲ್ಲಿ ಹುಟ್ಟುತ್ತಾರೆ ಎಂಬ ಧಾಟಿಯದು ಗಾಂಧಿಯವರ ಉತ್ತರ. ಹೇಳಿಕೆಯ ಕರಡಿನಲ್ಲಿ ನೀರಿಗೆ ನಿಂಬೆರಸ ಬೆರೆಸಿಕೊಳ್ಳುವ ಮಾತು ಇತ್ತು. ಎಲ್ಲವನ್ನೂ ದೇವರಿಗೆ ಬಿಟ್ಟಮೇಲೆ ನಿಂಬೆಹಣ್ಣು ಯಾಕೆ ಎಂದು ರಾಜಾಜಿ ಕೇಳಿದರು. ಗಾಂಧಿ ಆ ಸಾಲನ್ನೇ ಹೊಡೆದುಹಾಕಿದರು.

ಮುಂದಿನ ಮೂರು ದಿನಗಳದ್ದು ತಿಳಿದ ಕಥೆ. ಉತ್ತರ ಕಲ್ಕತ್ತೆಯ ಸುಮಾರು 500 ಪೊಲೀಸರು ಕೆಲಸದ ಮೇಲಿದ್ದುಕೊಂಡೇ ಒಂದು ದಿನ ಉಪವಾಸ ಹಿಡಿದರು. ಶಾಂತಿಗಾಗಿ ಬೀದಿಗಿಳಿದಿದ್ದ ಸಚಿನ್ ಮಿತ್ರ, ಸ್ಮೃತೀಶ್ ಬ್ಯಾನರ್ಜಿ ಎಂಬ ಇಬ್ಬರು ಜೀವ ಕೊಟ್ಟರು. ಸೆಪ್ಟೆಂಬರ್ 4ರಂದು ಎಲ್ಲ ಸಮುದಾಯಗಳ ಮುಖಂಡರು ಬಂದು ನಿಂತಾಗ ಗಾಂಧಿ ಕೇಳಿದ್ದು ಇಷ್ಟೇ. ಇನ್ನೊಮ್ಮೆ ಹೀಗಾಗುವುದಿಲ್ಲ ಎಂದು ಮಾತು ಕೊಡುತ್ತೀರಾ? ಮತ್ತೆ ಹಾಗಾದರೆ ತಡೆಯಲು ಪ್ರಾಣ ಕೊಡುತ್ತೀರಾ? ಅವರು ಬರೆದು ಸಹಿ ಹಾಕಿಕೊಟ್ಟರು. 73 ಗಂಟೆಗಳ ಉಪವಾಸ ಸುಹ್ರಾವರ್ದಿ ಕೈಯಿಂದ ಕೊಟ್ಟ ಹಣ್ಣಿನ ರಸದಿಂದ ಮುಗಿಯಿತು. ಹುಡುಗರು ಕತ್ತಿ, ಬಂದೂಕುಗಳನ್ನು ತಂದು ಅವರ ಮುಂದೆ ಇಟ್ಟರು. ಸೆಪ್ಟೆಂಬರ್ 7ರಂದು ಗಾಂಧಿ ದೆಹಲಿಗೆ ಹೊರಟರು. ಐದು ತಿಂಗಳು ತುಂಬುವುದರೊಳಗೆ ಅಲ್ಲಿ ಗುಂಡೇಟಿಗೆ ಸಿಕ್ಕರು.

ಆ ಮನೆ ಈಗ ಗಾಂಧಿ ಭವನ. ಮೊಮ್ಮಗಳನ್ನು ಕರೆದುಕೊಂಡು ಹೋಗಿದ್ದೆ. ಹಳೆಯ ಶಸ್ತ್ರಗಳ ಮುಂದೆ ಅವಳು ನಿಂತುಬಿಟ್ಟಳು.

“ಅಜ್ಜಿ, ಇವನ್ನೆಲ್ಲ ಪೊಲೀಸರು ಕಸ್ಕೊಂಡಿದ್ದಾ?”

“ಇಲ್ಲ ಪುಟ್ಟೀ. ಹಿಡ್ಕೊಂಡಿದ್ದೋರೇ ತಂದಿಟ್ಟು ಹೋಗಿದ್ದು.”

“ತಾತ ಬೈದ್ರಾ ಅವರಿಗೆ?”

“ಬೈಲಿಲ್ಲ. ಊಟ ಬಿಟ್ಟು ಮಲಗಿದ್ರು.”

ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಕೇಳಿದಳು: “ತಂದಿಡೋದಕ್ಕೆ ಮುಂಚೆ ಇದರಿಂದ ಏನು ಮಾಡಿದ್ರು?”

ಶಾಂತಿಯ ಬಗ್ಗೆ ನಾವು ದೊಡ್ಡವರು ಎಷ್ಟು ಹೊತ್ತಾದರೂ ಮಾತಾಡುತ್ತೇವೆ. ಈ ಪ್ರಶ್ನೆ ಬಂದಾಗ ವಿಷಯ ಬದಲಿಸುತ್ತೇವೆ. ಮಗು ಕೇಳಿದ್ದು ನ್ಯಾಯದ ಪ್ರಶ್ನೆ. ಕತ್ತಿ ಕೆಳಗಿಟ್ಟದ್ದು ಒಳ್ಳೆಯದೇ. ಅದು ಯಾರ ಮೇಲೆ ಬಿದ್ದಿತ್ತೋ ಅವರ ಲೆಕ್ಕ ಏನಾಯಿತು? 1946ರ ಕೊಲೆಗಳ ವಿಚಾರಣೆಗೆ ಆಯೋಗವೊಂದು ಕೂತಿತ್ತು. ಅಧಿಕಾರ ಕೈಬದಲಾಗುವ ಗಡಿಬಿಡಿಯಲ್ಲಿ ವರದಿ ಕೊಡದೆಯೇ ಅದು ಮುಗಿದುಹೋಯಿತು. ಲೆಕ್ಕ ತೀರದೆ ಉಳಿದ ಊರಿನಲ್ಲಿ 1964ರ ಜನವರಿಯಲ್ಲಿ ಮತ್ತೆ ಬೆಂಕಿ ಬಿತ್ತು.

ಆದರೆ ನನ್ನ ಮೊಮ್ಮಗಳ ಪ್ರಶ್ನೆಯನ್ನು ಅದೇ ಮನೆಯಲ್ಲಿ 1947ರಲ್ಲೇ ಒಬ್ಬ ಕೇಳಿದ್ದ. ಆಗಸ್ಟ್ 14ರ ರಾತ್ರಿ. ಹೊರಗೆ ಜನ ಜಮಾಯಿಸಿ ಸುಹ್ರಾವರ್ದಿ ಎಲ್ಲಿ ಎಂದು ಕೂಗುತ್ತಿದ್ದರು. ಗಾಂಧಿ ಅವರನ್ನು ಕಿಟಕಿಯ ಬಳಿ ಕರೆತಂದು, ಹೆಗಲ ಮೇಲೆ ಕೈಯಿಟ್ಟು ನಿಂತರು. ಕಲ್ಕತ್ತೆಯ ಕಗ್ಗೊಲೆಗೆ ನೀವು ಹೊಣೆಯಲ್ಲವೆ ಎಂದು ಗುಂಪಿನಿಂದ ಒಬ್ಬ ಕೇಳಿದ. ನಾವೆಲ್ಲರೂ ಹೊಣೆ ಎಂದರು ಸುಹ್ರಾವರ್ದಿ. ನನ್ನ ಪ್ರಶ್ನೆಗೆ ನೇರವಾಗಿ ಉತ್ತರ ಕೊಡಿ ಎಂದ ಅವನು. ಆಗ ಅವರು ಹೌದು, ಅದು ನನ್ನ ಹೊಣೆ ಎಂದು ಒಪ್ಪಿಕೊಂಡರು. ಗುಂಪು ತಣ್ಣಗಾಯಿತು.

ಸುಹ್ರಾವರ್ದಿಯವರ ಒಟ್ಟು ರಾಜಕಾರಣವನ್ನು ಒಪ್ಪುವವಳಲ್ಲ ನಾನು. ಆ ಒಂದು ಮಾತಿನಿಂದ ಸತ್ತವರು ಎದ್ದುಬರಲಿಲ್ಲ, ನ್ಯಾಯವೂ ಪೂರ್ತಿಯಾಗಲಿಲ್ಲ. ಆದರೂ ನಮ್ಮ ದೇಶದ ಚರಿತ್ರೆಯಲ್ಲಿ ಗಲಭೆಯಾದ ಊರಿನಲ್ಲೇ, ಏಟು ತಿಂದ ಜನರ ಎದುರಿಗೆ ನಿಂತು ‘ನನ್ನ ಹೊಣೆ’ ಎಂದ ಅಧಿಕಾರಸ್ಥರನ್ನು ಹುಡುಕಿ ನೋಡಿ, ಬೆರಳೆಣಿಕೆಗೂ ಸಿಗುವುದಿಲ್ಲ. ಕಲ್ಕತ್ತೆಯ ಪವಾಡ ಎಂದು ಜನ ಕರೆದದ್ದರಲ್ಲಿ ಉಪವಾಸದ ಪಾಲು ಎಷ್ಟೋ ಈ ಒಪ್ಪಿಗೆಯ ಪಾಲೂ ಅಷ್ಟೇ ಎಂದು ನಾನು ತಿಳಿದಿದ್ದೇನೆ.

ಇದನ್ನು ಬಂಗಾಳದವರ ಕಥೆ ಎಂದು ಕೇಳಿ ಕೈತೊಳೆದುಕೊಳ್ಳಬಾರದು. 1991ರ ಡಿಸೆಂಬರ್‌ನಲ್ಲಿ, ಕಾವೇರಿ ನ್ಯಾಯಮಂಡಳಿಯ ಮಧ್ಯಂತರ ಆದೇಶ ಗೆಜೆಟ್‌ನಲ್ಲಿ ಬಂದ ಬೆನ್ನಿಗೆ, ಬೆಂಗಳೂರು ಮೈಸೂರು ಸೀಮೆಗಳಲ್ಲಿ ತಮಿಳರ ಮನೆ ಅಂಗಡಿಗಳ ಮೇಲೆ ದಾಳಿಯಾಯಿತು. ಜೀವಗಳು ಹೋದವು. ಸಾವಿರಾರು ಜನ ಗಡಿ ದಾಟಿ ಓಡಿದರು. ಆ ಕಡೆ ತಮಿಳುನಾಡಿನಲ್ಲಿ ಕನ್ನಡಿಗರಿಗೂ ಏಟು ಬಿತ್ತು. ಹೊಸೂರಿನ ಬಸ್‌ಸ್ಟ್ಯಾಂಡಿನಲ್ಲಿ ಒಬ್ಬ ಮುದುಕಿಯನ್ನು ನೋಡಿದೆ. ಸೊಂಟದ ಮೇಲೆ ಮೊಮ್ಮಗು, ಕೈಯಲ್ಲಿ ಇಡ್ಲಿ ಪಾತ್ರೆ. ಅವಸರದಲ್ಲಿ ಕೈಗೆ ಸಿಕ್ಕಿದ್ದು ಅದೊಂದೇ ಇರಬೇಕು. “ಮಗೂಗೆ ಒಂದು ಲೋಟ ಹಾಲು ಸಿಗತ್ತಾ ತಾಯಿ?” ಎಂದು ಆಕೆ ಕೇಳಿದ್ದು ಕನ್ನಡದಲ್ಲಿ, ಅಪ್ಪಟ ಬೆಂಗಳೂರಿನ ಕನ್ನಡದಲ್ಲಿ. ಕನ್ನಡದ ಹೆಸರಿನಲ್ಲೇ ಅವಳನ್ನು ಓಡಿಸಿದ್ದರು.

ಇಂಥದನ್ನು ಮೊಮ್ಮಕ್ಕಳಿಗೆ ಹೇಳಬೇಕೆ, ಎಳೆ ಮನಸ್ಸು ನೋಯುವುದಿಲ್ಲವೆ ಎಂದು ನನ್ನ ಮಗಳೇ ಕೇಳಿದಳು. ವಯಸ್ಸು ನೋಡಿಕೊಂಡು ಹೇಳೋಣ. ಹೇಳದೆ ಇರುವುದು ಬೇಡ. ನಮ್ಮವರ ಮೇಲೆ ಆದದ್ದನ್ನು ಮಾತ್ರ ಕೇಳಿ ಬೆಳೆದ ಮಗುವಿಗೆ ಬರುವುದು ಸೇಡು. ನಮ್ಮವರು ಮಾಡಿದ್ದನ್ನೂ ಕೇಳಿ ಬೆಳೆದರೆ ಇನ್ನೊಬ್ಬರ ಅಜ್ಜಿಯ ಮುಖ ಅದಕ್ಕೆ ಕಾಣುತ್ತದೆ.

ಈಗ ದೆಹಲಿಯಲ್ಲಿದ್ದ ಆ ಎರಡು ವರ್ಷದ ಮಗುವಿಗೆ ಬರುತ್ತೇನೆ. ದೇವದಾಸ, ಲಕ್ಷ್ಮಿಯರಿಗೆ ಮಕ್ಕಳು ನಾಲ್ವರು: ತಾರಾ, ರಾಜಮೋಹನ, ರಾಮಚಂದ್ರ, ಗೋಪಾಲಕೃಷ್ಣ. ರಾಜಮೋಹನ ಇತಿಹಾಸಕಾರರಾದರು, ರಾಮಚಂದ್ರ ತತ್ತ್ವಶಾಸ್ತ್ರದ ಅಧ್ಯಾಪಕರಾದರು. ಕಿರಿಯ ಗೋಪಾಲಕೃಷ್ಣ ಆಡಳಿತ ಸೇವೆ ಸೇರಿದರು, ರಾಯಭಾರಿಯಾದರು, 2004ರ ಡಿಸೆಂಬರ್‌ನಲ್ಲಿ ಪಶ್ಚಿಮ ಬಂಗಾಳದ ರಾಜ್ಯಪಾಲರಾಗಿ ಕೋಲ್ಕತ್ತಕ್ಕೆ ಬಂದರು. ತಾಯಿಯ ತಂದೆ ಕೂತ ಕುರ್ಚಿ; ತಂದೆಯ ತಂದೆ ಉಪವಾಸ ಕೂತ ಊರು.

2007ರ ಮಾರ್ಚ್ 14ರಂದು ನಂದಿಗ್ರಾಮದಲ್ಲಿ ಪೊಲೀಸರ ಗುಂಡಿಗೆ ಹಳ್ಳಿಯ 14 ಜನ ಸತ್ತರು. ರಾಸಾಯನಿಕ ಕೈಗಾರಿಕೆಗಳ ವಲಯಕ್ಕೆ ತಮ್ಮ ಹೊಲ ಹೋಗುತ್ತದೆ ಎಂದು ಎದ್ದಿದ್ದ ಜನ ಅವರು. ರಾಜ್ಯಪಾಲರು ಸುದ್ದಿ ಕೇಳಿ ತಮಗಾದ ದಿಗಿಲನ್ನು ಮುಚ್ಚಿಡದೆ ಹೇಳಿಕೆ ಕೊಟ್ಟರು. ಅದೇ ನವೆಂಬರ್‌ನಲ್ಲಿ ಆಳುವ ಪಕ್ಷದ ಕಾರ್ಯಕರ್ತರು ಆ ಹಳ್ಳಿಗಳನ್ನು ಮತ್ತೆ ವಶಪಡಿಸಿಕೊಂಡಾಗ, ಅದು ಕಾನೂನಿಗೆ ಹೊರತಾದದ್ದು, ಒಪ್ಪತಕ್ಕದ್ದಲ್ಲ ಎಂದರು. ಆಳುವ ಪಕ್ಷ ಸಿಡಿದುಬಿತ್ತು. ರಾಜ್ಯಪಾಲರು ಸರ್ಕಾರದ ಸಲಹೆಯಂತೆ ನಡೆಯಬೇಕಾದವರು, ಬಹಿರಂಗವಾಗಿ ಮಾತಾಡಬಾರದು ಎಂಬ ವಾದ ಪೊಳ್ಳಾದದ್ದೇನಲ್ಲ. ನಾನೇ ತರಗತಿಯಲ್ಲಿ ಸಂವಿಧಾನ ಪಾಠ ಮಾಡುವಾಗ ಹಾಗೆ ಹೇಳಿಕೊಟ್ಟಿದ್ದೇನೆ. ಆದರೆ ತಮ್ಮ ಸರ್ಕಾರದ ಪೊಲೀಸರೇ ಜನರನ್ನು ಕೊಂದಾಗ ಅವರು ಬಾಯಿ ಬಿಟ್ಟದ್ದು ಸರಿ ಎಂದೇ ನನ್ನ ತೀರ್ಮಾನ. ಆ ತಿಂಗಳೇ ಕಲ್ಕತ್ತ ಹೈಕೋರ್ಟ್ ಮಾರ್ಚ್ 14ರ ಗೋಲಿಬಾರು ಸಂವಿಧಾನಬಾಹಿರ ಎಂದಿತು, ಸತ್ತವರ ಮನೆಯವರಿಗೆ ತಲಾ 5 ಲಕ್ಷ ರೂಪಾಯಿ ಪರಿಹಾರ ಕೊಡಿಸಿತು. ಮರುವರ್ಷ ಸಿಂಗೂರಿನ ಜಮೀನಿನ ಜಗಳಕ್ಕೂ ಗೋಪಾಲಕೃಷ್ಣ ರಾಜಭವನದಲ್ಲಿ ಮಾತುಕತೆ ಕೂಡಿಸಿದರು, ಒಪ್ಪಂದ ನಿಲ್ಲಲಿಲ್ಲ. ಆ ಬೇಸಿಗೆಯಲ್ಲಿ ಊರಿಗೆಲ್ಲ ಕರೆಂಟು ಹೋಗುತ್ತಿದ್ದಾಗ ರಾಜಭವನದ ದೀಪಗಳನ್ನೂ ದಿನಕ್ಕೆ ಎರಡು ತಾಸು ಆರಿಸಲು ಹೇಳಿದರು.

ಅಜ್ಜಂದಿರ ರಕ್ತ ಮಾತಾಡಿತು ಎಂದು ಹೇಳಲು ನನಗೆ ಮನಸ್ಸಿಲ್ಲ. ರಕ್ತದಿಂದ ಇಂಥದು ಬರುವುದಿಲ್ಲ. ಆ ಮಗು ಅಜ್ಜನ ಮಡಿಲಲ್ಲಿ ಕೂತ ದಿನಗಳೇ ಕಡಿಮೆ. 1947ರಲ್ಲಿ ಅಜ್ಜ ಮೊಮ್ಮಗನಿದ್ದ ಊರು ಬಿಟ್ಟು, ಹೆಸರೂ ಗೊತ್ತಿಲ್ಲದವರ ಮೊಮ್ಮಕ್ಕಳಿಗಾಗಿ ಬೆಲಿಯಾಘಾಟದಲ್ಲಿ ಅನ್ನ ಬಿಟ್ಟರು. ಬೇರೆಯವರ ಮೊಮ್ಮಕ್ಕಳು ಉಳಿಯದ ದೇಶದಲ್ಲಿ ತನ್ನ ಮೊಮ್ಮಗ ನೆಮ್ಮದಿಯಾಗಿ ಇರಲಾರ ಎಂಬುದು ಅವರಿಗೆ ಗೊತ್ತಿತ್ತು. ಮನೆಯಲ್ಲಿ ಹೇಳಿಕೊಳ್ಳಲು ಇಂಥ ಒಂದು ಕಥೆ ಇದ್ದರೆ ಮಗು ದೊಡ್ಡದಾದಮೇಲೆ ಅದನ್ನು ಕೈಗೆತ್ತಿಕೊಳ್ಳಬಹುದು. ಬಿಡಲೂಬಹುದು. ಇವರು ಎತ್ತಿಕೊಂಡರು.

ಸತ್ತ ಕೂಲಿಯ ಆ ನಾಲ್ಕಾಣೆಯ ಮಾತಿಗೆ ಹಿಂತಿರುಗಬೇಕು. ಅಮರ್ತ್ಯ ಸೇನ್ ತಮ್ಮ ಬಾಲ್ಯದ ಒಂದು ಘಟನೆಯನ್ನು ಮತ್ತೆ ಮತ್ತೆ ಹೇಳಿಕೊಂಡಿದ್ದಾರೆ. ಢಾಕಾದ ಅವರ ಮನೆಯ ಗೇಟಿನೊಳಗೆ, ಬೆನ್ನಿಗೆ ಚೂರಿ ಬಿದ್ದ ಕಾದರ್ ಮಿಯಾ ಎಂಬ ಕೂಲಿ ರಕ್ತ ಸುರಿಸುತ್ತ ಓಡಿಬಂದ. ಗಲಭೆಯ ಹೊತ್ತಿನಲ್ಲಿ ಹಿಂದೂಗಳ ಬೀದಿಗೆ ಹೋಗಬೇಡ ಎಂದು ಹೆಂಡತಿ ಹೇಳಿದ್ದಳು. ಮನೆಯಲ್ಲಿ ಮಕ್ಕಳಿಗೆ ತಿನ್ನಲು ಇರಲಿಲ್ಲ, ಬಂದ. ಆಸ್ಪತ್ರೆಯಲ್ಲಿ ಸತ್ತ. ಗಲಭೆಯಲ್ಲಿ ಸಾಯುವವರಲ್ಲಿ ಹೆಚ್ಚಿನವರು ಮನೆಯೊಳಗೆ ಕೂತಿರಲು ಆಗದ ಬಡವರು ಎಂಬುದು ಆ ಹುಡುಗನಿಗೆ ಅಂದೇ ತಿಳಿಯಿತು. ಅದಕ್ಕೂ ಮುಂಚೆ, 1943ರ ಬರಗಾಲದಲ್ಲಿ, ಅವರು ಶಾಂತಿನಿಕೇತನದಲ್ಲಿ ತಾಯಿಯ ತಂದೆ ಕ್ಷಿತಿಮೋಹನ ಸೇನರ ಮನೆಯಲ್ಲಿದ್ದರು. ಹಸಿದವರು ಬಾಗಿಲಿಗೆ ಬಂದರೆ ಒಂದು ಸಿಗರೇಟು ಡಬ್ಬಿಯ ಅಳತೆಯಷ್ಟು ಅಕ್ಕಿ ಕೊಡಲು ಹುಡುಗನಿಗೆ ಅಪ್ಪಣೆಯಾಗಿತ್ತು; ಮನೆಗೊಂದೇ ಡಬ್ಬಿ. ಆ ಬರಗಾಲದಲ್ಲಿ ಬಂಗಾಳದಲ್ಲಿ ಸತ್ತವರು 20ರಿಂದ 30 ಲಕ್ಷ ಎಂದು ಅಂದಾಜು. ಅಕ್ಕಿ ಇಲ್ಲದೆ ಅಲ್ಲ, ಇದ್ದ ಅಕ್ಕಿ ಕೂಲಿಯವನ ಕೈಗೆ ಎಟುಕದೆ ಸತ್ತರು ಎಂದು ಅದೇ ಹುಡುಗ ಮುಂದೆ ಅರ್ಥಶಾಸ್ತ್ರಜ್ಞನಾಗಿ 1981ರ ಪುಸ್ತಕದಲ್ಲಿ ತೋರಿಸಿದ. ನೀತಿಪಾಠಕ್ಕಿಂತ ಆ ಡಬ್ಬಿ ದೊಡ್ಡ ಪಾಠ ಎಂದು ನನಗೆ ಅನ್ನಿಸುತ್ತದೆ. ಕೊಡುವ ಕೆಲಸವನ್ನು ಹಿರಿಯರು ಮಗುವಿನ ಕೈಗೆ ಒಪ್ಪಿಸಿದರು, ಬಾಗಿಲಿಗೆ ಬಂದ ಮುಖಗಳನ್ನು ಅದು ನೋಡಬೇಕಾಯಿತು.

ಮಕ್ಕಳೆ, ಹಸಿವಿನ ಮಾತು ಬಂತು, ನೀವು ‘ಗೂಪಿ ಗಾಯೇನ್ ಬಾಘಾ ಬಾಯೇನ್’ ಸಿನಿಮಾ ನೋಡಿದ್ದೀರಲ್ಲ? ಆ ಕಥೆ ಬರೆದ ಉಪೇಂದ್ರಕಿಶೋರ ರಾಯ್ 1915ರಲ್ಲಿ ತೀರಿಕೊಂಡರು. ಮೊಮ್ಮಗ ಸತ್ಯಜಿತ್ ಹುಟ್ಟಿದ್ದು 1921ರಲ್ಲಿ. ಅಜ್ಜನ ಮುಖ ಕಂಡವರಲ್ಲ. ಆದರೂ 1969ರಲ್ಲಿ ಅಜ್ಜನ ಕಥೆಯನ್ನು ಸಿನಿಮಾ ಮಾಡಿದರು, ಅದೂ ತಮ್ಮ ಮಗ ಮಕ್ಕಳ ಸಿನಿಮಾ ಬೇಕು ಎಂದದ್ದಕ್ಕೆ. ಅದರಲ್ಲಿ ಹಲ್ಲಾ ರಾಜ್ಯದ ಸೈನಿಕರು ಹೊಟ್ಟೆಗಿಲ್ಲದೆ ಸೊರಗಿದವರು. ಆಕಾಶದಿಂದ ಮಿಠಾಯಿ ಮಡಕೆಗಳು ಇಳಿದದ್ದೇ ತಡ, ಯುದ್ಧ ಬಿಟ್ಟು ಅದರತ್ತ ಓಡುತ್ತಾರೆ. ನನ್ನ ಮೊಮ್ಮಗಳು ಅಲ್ಲಿ ಚಪ್ಪಾಳೆ ತಟ್ಟುತ್ತಾಳೆ. ಅವರಿಗೆ ಮೊದಲೇ ಊಟ ಹಾಕಿದ್ದರೆ ಯುದ್ಧಕ್ಕೇ ಬರುತ್ತಿರಲಿಲ್ಲ ಅಲ್ವಾ ಎಂದು ಕೇಳುತ್ತಾಳೆ.

ಹೊಟ್ಟೆಪಾಡಿಗೆ ಮನೆ ಬಿಡುವವರು ಇಂದೂ ಇದ್ದಾರೆ. ನಮ್ಮ ಮನೆಯ ಅಡುಗೆಗೆ ಬರುವ ಮಾಸಿ ಸುಂದರಬನದ ಅಂಚಿನ ಕ್ಯಾನಿಂಗ್ ಕಡೆಯವಳು. ಬೆಳಗಾಗುವ ಮೊದಲೇ ಮನೆ ಬಿಟ್ಟು, ಹೆಂಗಸರಿಂದ ಕಿಕ್ಕಿರಿದ ಲೋಕಲ್ ರೈಲು ಹಿಡಿದು ಬರುತ್ತಾಳೆ. ಅಂಥವರು ಎಷ್ಟು ಸಾವಿರವೋ. ಈ ಸಭೆಯಲ್ಲಿರುವ ನಮ್ಮೆಲ್ಲರ ಅಡುಗೆಮನೆಗಳು ನಡೆಯುವುದು ಆ ರೈಲಿನಿಂದ. ಅವಳಿಗೂ ಒಬ್ಬಳು ಮೊಮ್ಮಗಳು, ನನ್ನ ಮೊಮ್ಮಗಳ ವಾರಿಗೆಯವಳೇ. 2020ರ ಮೇ 20ರಂದು ಆಂಫನ್ ಚಂಡಮಾರುತ ಬಂದಾಗ ಕಟ್ಟೆ ಒಡೆದು ಅವರ ಗದ್ದೆಗೂ ಕೆರೆಗೂ ಉಪ್ಪುನೀರು ನುಗ್ಗಿತು. ಆಮೇಲೆ ಬತ್ತ ಏಳಲಿಲ್ಲ. ಮಗ ಗಾರೆ ಕೆಲಸ ಹುಡುಕಿಕೊಂಡು ಹೋದ. ಎಲ್ಲಿಗೆ ಎಂದರೆ ನಮ್ಮ ಬೆಂಗಳೂರಿಗೆ.

“ಮಾಶಿಮಾ, ನಿಮ್ಮೂರಲ್ಲಿ ಅವನಿಗೆ ಏನೂ ಆಗೋದಿಲ್ಲ ತಾನೆ?” ಎಂದು ಅವಳು ಬಂಗಾಳಿಯಲ್ಲಿ ಕೇಳುತ್ತಾಳೆ. ಮಾತಾಡುವ ಭಾಷೆ ಕೇಳಿಯೇ ಬಾಂಗ್ಲಾದೇಶದವರೆಂದು ಹಿಡಿಯುತ್ತಾರಂತೆ, ಹೌದೇ ಎನ್ನುತ್ತಾಳೆ. 2020ರ ಜನವರಿಯಲ್ಲಿ ಬೆಂಗಳೂರಿನ ಬೆಳ್ಳಂದೂರಿನ ಬಳಿ, ಬಾಂಗ್ಲಾದೇಶದವರು ಇದ್ದಾರೆಂಬ ಆರೋಪದ ಮೇಲೆ ವಲಸೆ ಕೂಲಿಗಳ ಗುಡಿಸಲುಗಳನ್ನು ನೆಲಸಮ ಮಾಡಿದ್ದರು. ಅಲ್ಲಿ ಉತ್ತರ ಕರ್ನಾಟಕದ ಕನ್ನಡಿಗರೂ ಇದ್ದರು. ಕರ್ನಾಟಕ ಹೈಕೋರ್ಟ್ ನಡುವೆ ಬರಬೇಕಾಯಿತು. ನಾವು ಇಲ್ಲಿ, ಬಂಗಾಳಿಗಳ ನಡುವೆ, ಯಾವ ಕಾಗದವನ್ನೂ ತೋರಿಸದೆ ರಾಜ್ಯೋತ್ಸವ ಮಾಡುತ್ತೇವೆ, ಪುಸ್ತಕ ಬಿಡುಗಡೆ ಮಾಡುತ್ತೇವೆ, ದತ್ತಿ ಉಪನ್ಯಾಸ ನಡೆಸುತ್ತೇವೆ. ನನ್ನ ಮೊಮ್ಮಗಳು ಬಸ್ಸಿನಲ್ಲಿ ಗಟ್ಟಿಯಾಗಿ ಕನ್ನಡ ಮಾತಾಡಿದರೆ ಪಕ್ಕದವರು ನಗುಮುಖದಿಂದ ಯಾವ ಭಾಷೆ ಎಂದು ವಿಚಾರಿಸುತ್ತಾರೆ. ಮಾಸಿಯ ಮಗ ಬೆಂಗಳೂರಿನ ಬಸ್ಸಿನಲ್ಲಿ ಫೋನು ಬಂದರೆ ದನಿ ತಗ್ಗಿಸುತ್ತಾನಂತೆ. ಇದು ಹೀಗೆ ಇರುವವರೆಗೆ ನನ್ನ ಮೊಮ್ಮಗಳ ನೆಮ್ಮದಿ ಸಾಲದ ನೆಮ್ಮದಿ.

ಬೆಂಗಳೂರಿನಲ್ಲಿ ಬಂಧುಗಳಿಲ್ಲದವರು ಈ ಸಭೆಯಲ್ಲಿ ಯಾರೂ ಇರಲಾರರು. ತಮ್ಮ ಓಣಿಯಲ್ಲಿ ಕೆಲಸ ಮಾಡುವ ಬಂಗಾಳಿ ಕೂಲಿಗಳ ಹೆಸರು ಕೇಳಿ ತಿಳಿದುಕೊಳ್ಳಿ, ಪೊಲೀಸರೋ ಪುಂಡರೋ ಅವರ ಮೇಲೆ ಬಂದರೆ ಬಾಗಿಲು ಹಾಕಿಕೊಳ್ಳದೆ ಹೊರಗೆ ಬಂದು ನಿಲ್ಲಿ ಎಂದು ಅವರಿಗೆ ಇಂದು ರಾತ್ರಿಯೇ ಫೋನು ಮಾಡಿ ಹೇಳಿ ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ. ಗೂಂಡಾಗಳ ಬೆನ್ನಿಗೆ ನಿಂತ ಮರ್ಯಾದಸ್ಥರ ಮಾತನ್ನು ಗಾಂಧಿ ರಾಜಾಜಿಯವರ ಎದುರು ಎತ್ತಿದರಲ್ಲ, ಆ ಸಾಲಿನಲ್ಲಿ ನಮ್ಮ ಮನೆಯವರು ಇರಬಾರದು.

ದತ್ತಿ ಸಮಿತಿಯವರಲ್ಲಿ ಇನ್ನೊಂದು ಕೋರಿಕೆ. ಈ ಉಪನ್ಯಾಸಕ್ಕೆ ಕೊಡುವ ಸಂಭಾವನೆಯನ್ನು ನಾನು ಹಿಂದಿರುಗಿಸುತ್ತಿದ್ದೇನೆ. ಮುಂದಿನ ವರ್ಷದ ದತ್ತಿ ಕಾರ್ಯಕ್ರಮವನ್ನು ಬೆಲಿಯಾಘಾಟದಲ್ಲಿ, ಆ ಮನೆಯನ್ನು ಮಕ್ಕಳಿಗೆ ತೋರಿಸಿ ನಡೆಸೋಣ. ನಮ್ಮ ಮೊಮ್ಮಕ್ಕಳ ಜೊತೆ ನಮ್ಮ ಮನೆಗಳಲ್ಲಿ ದುಡಿಯುವ ಮಾಸಿಯರ ಮೊಮ್ಮಕ್ಕಳನ್ನೂ ಕರೆಯೋಣ. ಅವರಿಗೆ ಕನ್ನಡ ಬಾರದು, ಉಪನ್ಯಾಸವನ್ನು ಬಂಗಾಳಿಯಲ್ಲೂ ಹೇಳಲು ಯಾರನ್ನಾದರೂ ಈಗಲೇ ಗೊತ್ತುಮಾಡಬೇಕು. ಅಂದು ಮಾಸಿಯರಿಗೆ ಸಂಬಳ ಹಿಡಿಯದೆ ರಜೆ ಕೊಡಬೇಕು. ಅವರ ರೈಲು ಬಂದು ನಿಲ್ಲುವ ಸಿಯಾಲ್ದಾದಿಂದ ಆ ಮನೆ ದೂರವಿಲ್ಲ. ಬೆಳಗಿನ ಲೋಕಲ್‌ಗೆ ಬಂದು ಸಂಜೆಯ ಲೋಕಲ್‌ಗೆ ಹಿಂತಿರುಗಬಹುದು. ಊಟದ ಖರ್ಚು ನನ್ನದಿರಲಿ.